ಹೆರಿಗೆ ದವಾಖಾನಿಯ ನೆಲ ಯಾರ ಹೆಸರಿನಲ್ಲಿದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆ ಸರ್ಕಾರಿ ಹೆರಿಗೆ ಆಸ್ಪತ್ರೆಯ ಮಾತು ಬಂದರೆ ಹಾಸಿಗೆ ಎಷ್ಟು, ಡಾಕ್ಟರು ಯಾರು, ಅಡಿಗಲ್ಲು ಯಾವಾಗ ಅಂತ ಎಲ್ಲರೂ ಕೇಳುತ್ತಾರೆ. ಪಹಣಿ ಯಾರ ಹೆಸರಿನಲ್ಲಿದೆ ಅಂತ ಕೇಳಿದವನನ್ನು ಮಾತ್ರ ಒಳ್ಳೆಯ ಕೆಲಸಕ್ಕೆ ಅಡ್ಡಗಾಲು ಹಾಕುವವನಂತೆ ನೋಡುತ್ತಾರೆ. ಊರವರ ಹೊಲಮನೆ ಕಾಗದಗಳಿಗಾಗಿ ವರ್ಷಗಟ್ಟಲೆ ತಹಸೀಲ್ ಕಚೇರಿ ಮೆಟ್ಟಿಲು ಹತ್ತಿದವನು ನಾನು. ಮಂದಿ ನನ್ನನ್ನು ಕೇಳಿದ ಪ್ರಶ್ನೆಗಳನ್ನು, ಅವರು ಕೇಳಿದ ಹಾಗೆಯೇ ಇಲ್ಲಿ ಬರೆದಿದ್ದೇನೆ.

ಜಾಗ ಯಾರದಾದ್ರ ಏನ್ರಿ, ದವಾಖಾನಿ ಬಂದ್ರ ಸಾಕಲ್ಲ?

ಒಂದು ಊರಿನ ಸಂಗತಿ ಹೇಳುತ್ತೇನೆ, ಊರಿನ ಹೆಸರು ಬೇಡ. ರಸ್ತೆಬದಿಯ ಹೊಲದಲ್ಲಿ ಹತ್ತು ಗುಂಟೆಯನ್ನು ಹಿರಿಯರೊಬ್ಬರು ಆರೋಗ್ಯ ಉಪಕೇಂದ್ರಕ್ಕೆ ಬಿಟ್ಟುಕೊಟ್ಟರು. ಪಂಚರ ಮುಂದೆ ಬಾಯಿಮಾತು, ಕೊರಳಿಗೆ ಹಾರ, ಕೈತುಂಬ ಚಪ್ಪಾಳೆ. ಕಾಗದ ಮಾತ್ರ ಆಗಲಿಲ್ಲ. ಕಟ್ಟಡ ಎದ್ದಿತು, ನರ್ಸಮ್ಮ ಬಂದರು, ಹೆರಿಗೆಗಳೂ ಆದವು. ಹಿರಿಯರು ತೀರಿಕೊಂಡರು. ರಸ್ತೆ ಅಗಲವಾಗಿ ಗುಂಟೆಯ ಬೆಲೆ ಏರಿದಾಗ ಮೊಮ್ಮಗ ಬಂದು ಬಾಗಿಲಿಗೆ ಬೀಗ ಜಡಿದ. ಪಹಣಿ ತೆಗೆದು ನೋಡಿದರೆ ಅವನ ಅಜ್ಜನ ಹೆಸರೇ ಇತ್ತು. ಆಮೇಲೆ ಬಸುರಿಯರ ತಪಾಸಣೆ ಎಷ್ಟೋ ದಿನ ಶಾಲೆಯ ಜಗಲಿಯ ಮೇಲೆ ನಡೆಯಿತು.

ನೆಲ ಒಬ್ಬರದು, ಅದರ ಮೇಲಿನ ಕಟ್ಟಡ ಇನ್ನೊಬ್ಬರದು ಎಂಬುದನ್ನು ನಮ್ಮ ಕಾನೂನು ಒಪ್ಪುತ್ತದೆ. ಇಲ್ಲ ಎನ್ನುತ್ತಿಲ್ಲ. ಆದರೆ 'ನಿಮ್ಮ ಗೋಡೆ ನೀವು ಕಿತ್ತುಕೊಂಡು ಹೋಗ್ರಿ' ಎಂದರೆ ಆಪರೇಷನ್ ಥಿಯೇಟರನ್ನು ಬಂಡಿಗೆ ಹೇರಿಕೊಂಡು ಹೋಗಲಾದೀತೇ? ಉಪಕೇಂದ್ರವಾದರೆ ಜಗಲಿಗೆ ಬಂದು ಕೂರುತ್ತದೆ. ಶಸ್ತ್ರಚಿಕಿತ್ಸೆ, ರಕ್ತನಿಧಿ, ನವಜಾತ ಶಿಶುಗಳ ಘಟಕ ಇರುವ ಆಸ್ಪತ್ರೆಗೆ ಆ ದಾರಿಯೂ ಇಲ್ಲ.

ಮೂವತ್ತು ವರ್ಷ ಸರ್ಕಾರದ ಕೈಯಾಗ ಇದ್ದದ್ದು ತಾನಾಗೇ ಸರ್ಕಾರದ್ದು ಆಗಂಗಿಲ್ಲೇನ್ರಿ?

ಆಗುವುದಿಲ್ಲ. ಹಿಮಾಚಲ ಪ್ರದೇಶದಲ್ಲಿ ವಿದ್ಯಾದೇವಿ ಎಂಬ ಓದುಬರಹ ಬಾರದ ವಿಧವೆಯ ಹೊಲದಲ್ಲಿ 1967-68ರಲ್ಲಿ ಸರ್ಕಾರ ಪರಿಹಾರ ಕೊಡದೆ ರಸ್ತೆ ಮಾಡಿತ್ತು. ದಶಕಗಳ ನಂತರ ಆಕೆ ಕೋರ್ಟಿಗೆ ಹೋದಾಗ 'ಇಷ್ಟು ವರ್ಷದಿಂದ ನಮ್ಮ ಸ್ವಾಧೀನದಲ್ಲಿದೆ, ಹಾಗಾಗಿ ನಮ್ಮದೇ' ಎಂದು ಸರ್ಕಾರ ವಾದಿಸಿತು. ಪ್ರಜೆಯ ಆಸ್ತಿಯ ಮೇಲೆ ಸರ್ಕಾರವೇ ಹಾಗೆ ಹಕ್ಕು ಸಾಧಿಸಲು ಬರುವುದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ಪರಿಹಾರವನ್ನೂ ಕೊಡಿಸಿತು. ಆ ತೀರ್ಪು ಸರಿಯಾದದ್ದೇ. ಅದಕ್ಕೇ ದಾನದ ಜಾಗಕ್ಕೆ ಮೊದಲೇ ಕಾಗದ ಮಾಡಿಸಿಕೊಳ್ಳಬೇಕು ಎನ್ನುವುದು.

ನಮ್ಮೂರಾಗ ಸರ್ಕಾರಿ ಜಮೀನು ಭಾಳ ಅದ. ಅದರಾಗ ಕಟ್ಟಿದ್ರ ತಂಟೆಯೇ ಇಲ್ಲಲ್ಲ?

ತಂಟೆ ಕಡಿಮೆ ಅನ್ನಿ. 'ಸರ್ಕಾರಿ' ಎಂಬ ಒಂದೇ ಪದದಡಿ ನಮ್ಮಲ್ಲಿ ನಾಲ್ಕಾರು ಜಾತಿಯ ನೆಲ ಅಡಗಿದೆ.

ಗಾಯರಾಣ ಎಂದರೆ ದನಕರು ಮೇಯಲು ಬಿಟ್ಟದ್ದು. ಮೈಸೂರು ಕಡೆಯವರ ಗೋಮಾಳ. ಕರ್ನಾಟಕ ಭೂ ಮಂಜೂರಾತಿ ನಿಯಮಗಳು, 1969 ಇವುಗಳ 97ನೇ ನಿಯಮದ ಪ್ರಕಾರ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ 30 ಎಕರೆಯಷ್ಟು ಗಾಯರಾಣ ಊರಿಗೆ ಉಳಿದಿರಬೇಕು. ಅದರಿಂದ ಆಸ್ಪತ್ರೆಗೆ ತೆಗೆಯಬೇಕಾದರೆ ಜಾನುವಾರು ಲೆಕ್ಕ ಹಾಕಿ, ಜಿಲ್ಲಾಧಿಕಾರಿಯ ಆದೇಶದ ಮೂಲಕ ಅಷ್ಟು ಭಾಗವನ್ನು ಗಾಯರಾಣದಿಂದ ಕಡಿಮೆ ಮಾಡಿ, ಭೂ ಕಂದಾಯ ಕಾಯ್ದೆ 1964ರ 71ನೇ ಕಲಮಿನಡಿ ಆಸ್ಪತ್ರೆಗೆಂದು ಕಾಯ್ದಿರಿಸಬೇಕು. ಆದೇಶವಾದ ಮೇಲೆ ಪಹಣಿಯಲ್ಲಿ 'ಸರ್ಕಾರಿ ಗಾಯರಾಣ' ಎಂಬುದು ತಿದ್ದುಪಡಿಯಾಗಿ ಇಲಾಖೆಯ ಹೆಸರು ಬರಬೇಕು. ಕೊನೆಯ ಈ ಮೆಟ್ಟಿಲನ್ನೇ ಹೆಚ್ಚಾಗಿ ಮರೆಯುವುದು.

ಖಾರಿಜ್ ಖಾತಾ ಎಂಬುದು ನಮ್ಮ ಹಳೆಯ ಹೈದರಾಬಾದ್ ಸೀಮೆಯ ಮಾತು. ಖಾತೆಯಿಂದ ಹೊರಬಿದ್ದು ಸರ್ಕಾರಕ್ಕೆ ಸೇರಿದ ಜಮೀನು. ಕಾಗದದಲ್ಲಿ ಸರ್ಕಾರದ್ದೇ. ಸ್ಥಳಕ್ಕೆ ಹೋದರೆ ತೊಗರಿ ಬೆಳೆದು ನಿಂತಿರುತ್ತದೆ, ಬಿತ್ತಿದವ ಮೂರು ತಲೆಮಾರಿನಿಂದ ಅಲ್ಲೇ ಇರುತ್ತಾನೆ, ಸಕ್ರಮಕ್ಕೆ ಅರ್ಜಿಯನ್ನೂ ಹಾಕಿರುತ್ತಾನೆ. ಅವನ ಅರ್ಜಿ ಇತ್ಯರ್ಥವಾಗದೆ ಜೆಸಿಬಿ ತಂದು ನಿಲ್ಲಿಸಿದರೆ ಮರುದಿನವೇ ತಡೆಯಾಜ್ಞೆ. ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಭೂಮಿ ಇಲ್ಲದವನ ಮನೆಯ ಹೆಣ್ಣುಮಗಳೇ ಸರ್ಕಾರಿ ದವಾಖಾನಿಗೆ ಬರುವವಳು.

ಬಿ ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಉಪಯೋಗದ ನೆಲ. ಅದನ್ನು ಬಿಟ್ಟುಬಿಡಿ. ಕೆರೆಯಂಗಳವನ್ನಂತೂ ಕನಸಿನಲ್ಲೂ ನೆನೆಯಬೇಡಿ.

ಊರ ಸಾಮೂಹಿಕ ನೆಲದ ಒತ್ತುವರಿ ತೆರವು ಮಾಡಿ ಎಂದು ಸುಪ್ರೀಂ ಕೋರ್ಟ್ 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಆ ತೀರ್ಪಿನಲ್ಲೇ, ಅಂಥ ನೆಲದಲ್ಲಿ ಈಗಾಗಲೇ ಶಾಲೆ, ದವಾಖಾನೆಯಂಥ ಸಾರ್ವಜನಿಕ ಸೌಲಭ್ಯ ಇದ್ದರೆ ಅದನ್ನು ಅಪವಾದವಾಗಿ ಸಕ್ರಮಗೊಳಿಸಬಹುದು ಎಂಬ ಮಾತೂ ಇದೆ. ಹಳೆಯ ಕಟ್ಟಡಗಳಿಗೆ ಇದೊಂದು ಆಸರೆ. ಹೊಸದಾಗಿ ಗಾಯರಾಣಕ್ಕೆ ನುಗ್ಗಲು ಪರವಾನಗಿಯಲ್ಲ.

ನಮ್ಮ ಕಾಗದೆಲ್ಲ ಉರ್ದುವಿನಾಗ ಅದಾವ. ಅವಕ್ಕ ಈಗ ಬೆಲೆ ಐತೇನು?

ಇದೆ. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮರ ಆಳ್ವಿಕೆಯಲ್ಲಿದ್ದೆವು, 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿ. ಜಾಗೀರುಗಳು 1949ರಲ್ಲಿ ರದ್ದಾದವು. ಇನಾಮು ರದ್ದತಿ ಕಾಯ್ದೆ 1955ರದು. ಒಂದು ಸರ್ವೆ ನಂಬರಿನ ಮೂಲ ಹುಡುಕಿಕೊಂಡು ಹೊರಟರೆ ಪಾಯಗಾ (ನಿಜಾಮರ ಸರದಾರ ಮನೆತನಗಳ ಜಾಗೀರು), ಸರ್ಫೆಖಾಸ್ (ನಿಜಾಮರ ಸ್ವಂತ ಜಮೀನು), ಇನಾಮು (ಸೇವೆಗೆ ಅಥವಾ ದಾನವಾಗಿ ಬಿಟ್ಟ ನೆಲ) ಎಂಬ ಪದಗಳು ಎದುರಾಗುತ್ತವೆ. ವರ್ಷವನ್ನು ಫಸಲಿಯಲ್ಲಿ, ಅಂದರೆ ಹಳೆಯ ಕಂದಾಯ ಲೆಕ್ಕದ ವರ್ಷದಲ್ಲಿ, ಬರೆದಿದ್ದರೆ 590 ಕೂಡಿಸಿ. 1358 ಫಸಲಿ ಅಂದರೆ ಸುಮಾರು 1948-49.

ದೇವಸ್ಥಾನ, ದರ್ಗಾ, ಮಠಗಳ ಇನಾಮು ನೆಲದ ಹೆಸರು ಹಳೆಯ ಕಾಗದದಲ್ಲಿದ್ದು ಹೊಸ ಪಹಣಿಯಲ್ಲಿ ಇಲ್ಲದಿರಬಹುದು, ಅಥವಾ ತಿರುವುಮುರುವಾಗಿರಬಹುದು. ಇದನ್ನು ಅಡಿಗಲ್ಲಿಗೆ ಮುಂಚೆ ಶಾಂತವಾಗಿ ನೋಡಿದರೆ ಅದು ದಾಖಲೆಯ ಪ್ರಶ್ನೆ. ಅಡಿಗಲ್ಲಾದ ಮೇಲೆ ನೋಡಿದರೆ ಬೀದಿಯ ಪ್ರಶ್ನೆ. ಉರ್ದು ಓದಬಲ್ಲ ಹಿರಿಯರು ಪ್ರತಿ ತಾಲ್ಲೂಕಿನಲ್ಲೂ ಇನ್ನೂ ಇದ್ದಾರೆ. ಒಂದು ಚಹಾದ ಖರ್ಚಿನಲ್ಲಿ ಮುಗಿಯುವ ಕೆಲಸ.

ಒಬ್ಬರು ಐದು ಎಕರೆ ದಾನ ಕೊಡ್ತೀನಿ ಅಂತಾರ. ಏನೇನು ಮಾಡಿಸಬೇಕು?

ಮೊದಲು ಕೈಮುಗಿಯಿರಿ, ಈ ಕಾಲದಲ್ಲಿ ಐದು ಎಕರೆ ಕೊಡುವವರು ಅಪರೂಪ. ಆಮೇಲೆ ನೇರ ಉಪನೋಂದಣಿ ಕಚೇರಿಗೆ ಕರೆದುಕೊಂಡು ಹೋಗಿ. ಆಸ್ತಿ ವರ್ಗಾವಣೆ ಕಾಯ್ದೆ 1882ರ ಪ್ರಕಾರ ಸ್ಥಿರಾಸ್ತಿಯ ದಾನಕ್ಕೆ ನೋಂದಾಯಿತ ಪತ್ರ ಬೇಕು, ಇಬ್ಬರು ಸಾಕ್ಷಿಗಳ ಸಹಿ ಬೇಕು, ಮತ್ತು ದಾನಿ ಬದುಕಿರುವಾಗಲೇ ಪಡೆಯುವವರು ಅದನ್ನು ಸ್ವೀಕರಿಸಿರಬೇಕು. ನೂರು ರೂಪಾಯಿ ಛಾಪಾ ಕಾಗದದ ಮೇಲೆ 'ಒಪ್ಪಿಗೆ ಪತ್ರ' ಬರೆಸಿ ಫೈಲಿಗೆ ಹಾಕಿದರೆ ಅದು ದಾನವಲ್ಲ. ಮುಸ್ಲಿಂ ದಾನಿಗಳ ವಿಷಯದಲ್ಲಿ ಬಾಯಿಮಾತಿನ ಹಿಬಾಕ್ಕೂ (ದಾನಕ್ಕೂ) ಮಾನ್ಯತೆ ಇದೆ. ಆದರೂ ಆಸ್ಪತ್ರೆಯಂಥ ಕೆಲಸಕ್ಕೆ ನೋಂದಣಿಯೇ ಕ್ಷೇಮ.

ಪೂರ್ತಿ ಸರ್ವೆ ನಂಬರು ಕೊಡದೆ ಹನ್ನೆರಡು ಎಕರೆಯಲ್ಲಿ ಐದು ಎಕರೆ ಮಾತ್ರ ಕೊಡುತ್ತಿದ್ದರೆ ಮೊದಲು 11ಇ ನಕ್ಷೆ, ಅಂದರೆ ಕೊಡುವ ಭಾಗವನ್ನು ಅಳೆದು ಗುರುತಿಸುವ ಸರ್ವೆ ನಕ್ಷೆ, ಮಾಡಿಸಬೇಕು. ಇಲ್ಲದಿದ್ದರೆ ಆ ಐದು ಎಕರೆ ಹೊಲದ ಯಾವ ಮೂಲೆಯಲ್ಲಿದೆ ಎಂಬುದೇ ಮುಂದೆ ಜಗಳವಾಗುತ್ತದೆ. ರಸ್ತೆಗೆ ಹತ್ತಿದ ಮೂಲೆಯನ್ನು ಮನೆಯವರು ಇಟ್ಟುಕೊಂಡು ಹಿಂದಿನದನ್ನು ಕೊಟ್ಟರೆ ಆಂಬುಲೆನ್ಸ್ ಯಾವ ದಾರಿಯಿಂದ ಹೋಗಬೇಕು?

ಇನ್ನು ಹೆಣ್ಣುಮಕ್ಕಳ ಸಹಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಬಂತು. ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಅಣ್ಣತಮ್ಮಂದಿರು ಸಾಲಾಗಿ ಸಹಿ ಹಾಕಿ, ಕೊಟ್ಟ ಮನೆಯಲ್ಲಿರುವ ಅಕ್ಕತಂಗಿಯರಿಗೆ ಸುದ್ದಿಯನ್ನೇ ಮುಟ್ಟಿಸದ ದಾನಪತ್ರ ನಾಳೆ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಹೆಣ್ಣುಮಕ್ಕಳ ಆಸ್ಪತ್ರೆಗೆ ಕೊಡುವ ನೆಲದಲ್ಲಿ ಹೆಣ್ಣುಮಕ್ಕಳನ್ನೇ ಮರೆಯುವುದು ನಮ್ಮಲ್ಲಿ ಎಷ್ಟು ಸಲೀಸಾಗಿ ನಡೆಯುತ್ತದೆ ನೋಡಿ.

ದಾನಿಗೆ ಆ ನೆಲ ಎಲ್ಲಿಂದ ಬಂತು ಎಂಬುದನ್ನೂ ಕೇಳಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಅನುಮತಿಯಿಲ್ಲದೆ ಕೈಬದಲಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ವರ್ಗಾವಣೆ ನಿಲ್ಲುವುದಿಲ್ಲ. ಒಬ್ಬರ ಕೈಯಿಂದ ಕಸಿದ ನೆಲ ಇನ್ನೊಬ್ಬರ ದಾನವಾಗಬಾರದು.

ದಾನಿ ಷರತ್ತು ಹಾಕಬಹುದೇನು?

ಕಟ್ಟಡಕ್ಕೆ ತಾಯಿಯ ಹೆಸರಿಡಿ ಎಂದರೆ ಇಡಿ, ಅದರಲ್ಲಿ ನಷ್ಟವೇನಿಲ್ಲ. ಆಸ್ಪತ್ರೆಗೆ ಬಿಟ್ಟು ಬೇರೆ ಉಪಯೋಗಕ್ಕೆ ಕೊಡಕೂಡದು ಎಂಬ ಷರತ್ತಂತೂ ಊರಿಗೇ ಒಳ್ಳೆಯದು. ಮನೆಯವರೊಬ್ಬರಿಗೆ ನೌಕರಿ, ಸಲಹಾ ಸಮಿತಿಯಲ್ಲಿ ಖಾಯಂ ಕುರ್ಚಿ, ಇಂಥ ಚಿಕಿತ್ಸೆ ಕೊಡಬೇಡಿ ಎಂಬ ಮಾತು ಬಂದರೆ ಆ ನೆಲ ಬೇಡವೆನ್ನಿ. ದಾನಿಗೆ ಬೇಕೆಂದಾಗ ವಾಪಸ್ ತೆಗೆದುಕೊಳ್ಳಬಹುದು ಎಂದು ಬರೆದಿದ್ದರೆ ಕಾನೂನೇ ಅದನ್ನು ದಾನವೆಂದು ಒಪ್ಪುವುದಿಲ್ಲ.

ಒಂದು ಧಾರ್ಮಿಕ ಸಂಸ್ಥೆಯವರು ಜಾಗ ಲೀಸಿಗೆ ಕೊಡ್ತಾರಂತ. ಪುಕ್ಕಟೆ ಬಾಡಿಗಿ. ಬ್ಯಾಡ ಅನ್ನೋದ್ಯಾಕ?

ನಮ್ಮ ಕಡೆ ಮಠಗಳು ದಾಸೋಹ ನಡೆಸಿವೆ, ಶಾಲೆ ಕಾಲೇಜು ಕಟ್ಟಿವೆ, ಸರ್ಕಾರ ಕಣ್ಣೆತ್ತಿ ನೋಡದ ಊರುಗಳಿಗೆ ಅಕ್ಷರ ತಂದಿವೆ. ಆ ಋಣ ದೊಡ್ಡದು. ಇಲ್ಲಿ ಪ್ರಶ್ನೆ ಅವರ ಒಳ್ಳೆಯತನದ್ದಲ್ಲ. ಸರ್ಕಾರದ ದುಡ್ಡಿನಲ್ಲಿ ಎದ್ದ ಆಸ್ಪತ್ರೆಯ ಕೆಳಗಿನ ನೆಲ ಇನ್ನೊಬ್ಬರದಾಗಿದ್ದರೆ ಐವತ್ತು ವರ್ಷದ ನಂತರ ಆ ಸಂಸ್ಥೆಯ ಗಾದಿಯಲ್ಲಿ ಯಾರಿರುತ್ತಾರೆ, ಅವರ ಮನಸ್ಸು ಹೇಗಿರುತ್ತದೆ ಎಂಬುದು ಪ್ರಶ್ನೆ.

ಇದೇ ಪ್ರಶ್ನೆ ಐರ್ಲೆಂಡಿನಲ್ಲಿ ಹತ್ತಿರ ಹತ್ತಿರ ಹತ್ತು ವರ್ಷ ಕುದಿಯಿತು. ಡಬ್ಲಿನ್ನಿನ ಹಾಲ್ಸ್ ಸ್ಟ್ರೀಟಿನಲ್ಲಿರುವ ರಾಷ್ಟ್ರೀಯ ಹೆರಿಗೆ ಆಸ್ಪತ್ರೆ 1894ರದು. ಅದನ್ನು ಸೇಂಟ್ ವಿನ್ಸೆಂಟ್ಸ್ ಆಸ್ಪತ್ರೆಯ ಆವರಣಕ್ಕೆ ಸ್ಥಳಾಂತರಿಸಿ, ಸರ್ಕಾರದ ಖರ್ಚಿನಲ್ಲಿ ಹೊಸದಾಗಿ ಕಟ್ಟುವ ನಿರ್ಧಾರ 2013ರಲ್ಲಿ ಆಯಿತು. ಆ ಆವರಣ ಕ್ಯಾಥೊಲಿಕ್ ಸನ್ಯಾಸಿನಿಯರ ಸಂಘವೊಂದರ ಒಡೆತನದ ಸಂಸ್ಥೆಯದು. 2017ರಲ್ಲಿ ಇದು ಹೊರಬಿದ್ದಾಗ ಜನ ಬೀದಿಗಿಳಿದರು: ನಮ್ಮ ತೆರಿಗೆಯಲ್ಲಿ ಕಟ್ಟಿದ ಆಸ್ಪತ್ರೆಯಲ್ಲಿ ಸಂತಾನಹರಣ, ಗರ್ಭಪಾತದಂಥ ಸೇವೆಗಳಿಗೆ ಮುಂದೆ ಯಾರೂ ಅಡ್ಡಿಪಡಿಸುವುದಿಲ್ಲ ಎಂದು ಏನು ಖಾತ್ರಿ? ಆ ವರ್ಷವೇ ಸನ್ಯಾಸಿನಿಯರು ಹಿಂದೆ ಸರಿಯುವುದಾಗಿ ಹೇಳಿದರು. ಅವರ ಷೇರುಗಳು ಬೇರೊಂದು ಸಂಸ್ಥೆಗೆ ಹೋದವು. ನೆಲ ಮಾತ್ರ ಸರ್ಕಾರಕ್ಕೆ ಬರಲಿಲ್ಲ. ಕೊನೆಗೆ 2022ರ ಮೇ ತಿಂಗಳಲ್ಲಿ ಸರ್ಕಾರ 299 ವರ್ಷದ ಲೀಸಿಗೆ ಒಪ್ಪಿತು, ಬಾಡಿಗೆ ವರ್ಷಕ್ಕೆ 10 ಯೂರೋ. ಇಷ್ಟಾದರೂ 'ಮುನ್ನೂರು ವರ್ಷದ ಲೀಸು ಕೊಡುವವರು ಮಾರಲು ಯಾಕೆ ಒಪ್ಪುತ್ತಿಲ್ಲ?' ಎಂಬ ಪ್ರಶ್ನೆ ತಣ್ಣಗಾಗಲಿಲ್ಲ.

ಆ ದೇಶದವರಿಗೆ ಈ ಎಚ್ಚರ ಬರಲು ನಮ್ಮ ಬೆಳಗಾವಿಯ ಮಗಳೂ ಕಾರಣಳು ಎಂಬುದನ್ನು ನೆನೆದರೆ ಹೊಟ್ಟೆ ತೊಳಸುತ್ತದೆ. ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್ 28ರಂದು ಗಾಲ್ವೆಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಹದಿನೇಳು ವಾರದ ಗರ್ಭ ಉಳಿಯುವುದಿಲ್ಲ ಎಂದು ತಿಳಿದಿದ್ದರೂ, ಭ್ರೂಣದ ಹೃದಯ ಬಡಿಯುತ್ತಿದೆ ಎಂಬ ಕಾರಣಕ್ಕೆ ಗರ್ಭಪಾತ ಮಾಡಲಿಲ್ಲ, ನಂಜು ಏರಿತು. 2018ರ ಮೇ 25ರ ಜನಮತದಲ್ಲಿ ಐರ್ಲೆಂಡ್ ತನ್ನ ಸಂವಿಧಾನದ ಗರ್ಭಪಾತ ನಿಷೇಧವನ್ನು ಕಿತ್ತುಹಾಕಿತು.

ಅದು ಪರದೇಶದ ಮಾತಾಯ್ತು. ನಮ್ಮಲ್ಲಿ ಕಾನೂನು ಐತಲ್ಲ?

ಇದೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ, 2021ರ ತಿದ್ದುಪಡಿಯೊಂದಿಗೆ, 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯದ ಮೇಲೆ, ಕೆಲವು ವರ್ಗದ ಮಹಿಳೆಯರಿಗೆ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತಕ್ಕೆ ಅವಕಾಶ ಕೊಡುತ್ತದೆ. ಅದೇ ಕಾಯ್ದೆ, ಸರ್ಕಾರ ಸ್ಥಾಪಿಸಿದ ಅಥವಾ ನಡೆಸುವ ಆಸ್ಪತ್ರೆಯನ್ನು ಒಂದು ಕಡೆ ಇಡುತ್ತದೆ, ಉಳಿದವನ್ನು ಇನ್ನೊಂದು ಕಡೆ. ಮೊದಲನೆಯದಕ್ಕೆ ಬೇರೆ ಅನುಮತಿ ಬೇಕಿಲ್ಲ. ಎರಡನೆಯದಕ್ಕೆ ಬೇಕು.

ನಮ್ಮಲ್ಲಿ ಅಡ್ಡಿ ಬರುವುದು ಕಾನೂನಿನಿಂದಲ್ಲ, ಮುಲಾಜಿನಿಂದ. 'ಜಾಗ ಅವರದು, ಅವರಿಗೆ ಇದು ಸೇರಂಗಿಲ್ಲ, ಯಾಕ ಸುಮ್ನ' ಎಂದು ಒಬ್ಬ ಅಧಿಕಾರಿ ಗೊಣಗಿದರೆ ಸಾಕು, ಲಿಖಿತ ಆದೇಶವೇ ಇಲ್ಲದೆ ಒಂದು ಸೇವೆ ನಿಂತುಹೋಗುತ್ತದೆ. ಮೂರು ಹೆತ್ತು ಆಪರೇಷನ್ ಬೇಕೆಂದು ಬಂದವಳನ್ನು 'ಇಲ್ಲಿ ಮಾಡಂಗಿಲ್ಲ, ಕಲಬುರಗಿಗೆ ಹೋಗು' ಎನ್ನುತ್ತಾರೆ. ಆಕೆ ಹೋಗುವುದಿಲ್ಲ. ಮುಂದಿನ ವರ್ಷ ನಾಲ್ಕನೆಯದಕ್ಕೆ ಬರುತ್ತಾಳೆ.

ಖಾಸಗಿಯವರ ಕೈಗೆ ಕೊಟ್ಟು ನಡಸೋದು ತಪ್ಪೇನು?

ನಡೆಸಲು ಕೊಡುವುದು ಬೇರೆ, ನೆಲ ಕೊಡುವುದು ಬೇರೆ. ಪಕ್ಕದ ರಾಯಚೂರಿನ ಒಪೆಕ್ ಆಸ್ಪತ್ರೆಯನ್ನೇ ನೋಡಿ. ಸರ್ಕಾರ ಕಟ್ಟಿಸಿ ಖಾಸಗಿಯವರಿಗೆ ನಡೆಸಲು ಕೊಟ್ಟಿತ್ತು; 2012ರಲ್ಲಿ ಒಪ್ಪಂದ ಮುಗಿದ ಮೇಲೆ ಸರ್ಕಾರವೇ ವಾಪಸ್ ತೆಗೆದುಕೊಂಡಿತು. ಆ ಹತ್ತು ವರ್ಷ ಹೇಗೆ ನಡೆಯಿತು ಎಂಬ ಬಗ್ಗೆ ನಾನಾ ಅಭಿಪ್ರಾಯಗಳಿವೆ, ಇರಲಿ. ನೆಲ, ಕಟ್ಟಡ ಎರಡೂ ಸರ್ಕಾರದ್ದಾಗಿದ್ದರಿಂದ ವಾಪಸ್ ಎಂಬ ಮಾತಿಗೆ ಅರ್ಥವಿತ್ತು.

ಸರ್ಕಾರಿ ನೆಲವನ್ನೇ ಅಗ್ಗಕ್ಕೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ದೆಹಲಿ ಇದೆ. ರಿಯಾಯಿತಿ ದರದಲ್ಲಿ ಭೂಮಿ ಪಡೆದ ಆಸ್ಪತ್ರೆಗಳು ಹೊರರೋಗಿಗಳಲ್ಲಿ ಶೇ. 25, ಒಳರೋಗಿಗಳಲ್ಲಿ ಶೇ. 10ರಷ್ಟು ಬಡವರಿಗೆ ಪುಕ್ಕಟೆ ಚಿಕಿತ್ಸೆ ಕೊಡಲೇಬೇಕು ಎಂಬ ಷರತ್ತನ್ನು ಜಾರಿಗೆ ತರಲು 2018ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು.

ರೈತರ ಹೊಲ ಸ್ವಾಧೀನ ಮಾಡ್ಕೋಬಹುದೇನು?

ಮಾಡಿಕೊಳ್ಳಬಹುದು, ಕೊನೆಯ ದಾರಿಯಾಗಿ. 2014ರ ಜನವರಿ 1ರಿಂದ ಜಾರಿಗೆ ಬಂದ 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಒಂದು ಸ್ವಾರಸ್ಯವಿದೆ: ಸಾರ್ವಜನಿಕ ಉದ್ದೇಶದ ಮೂಲಸೌಕರ್ಯಗಳ ಪಟ್ಟಿಯಿಂದ ಖಾಸಗಿ ಆಸ್ಪತ್ರೆಗಳನ್ನು ಹೆಸರಿಸಿಯೇ ಹೊರಗಿಟ್ಟಿದ್ದಾರೆ. ಸರ್ಕಾರಿ ಆಸ್ಪತ್ರೆಗೆ ಆ ಅಡ್ಡಿ ಇಲ್ಲ. ಖಾಸಗಿ ಸಹಭಾಗಿತ್ವದ ಯೋಜನೆಯಾದರೆ ಶೇ. 70ರಷ್ಟು ಬಾಧಿತ ಕುಟುಂಬಗಳ ಒಪ್ಪಿಗೆ ಬೇಕು ಎಂಬುದು ಮೂಲ ಕಾಯ್ದೆಯ ಮಾತು. ಮಾರುಕಟ್ಟೆ ಬೆಲೆಯ ಲೆಕ್ಕದ ಮೇಲೆ ಶೇ. 100 ಸಾಂತ್ವನ ಧನವೂ ಸೇರುತ್ತದೆ. ಹಾಗಾಗಿ ಸ್ವಾಧೀನ ಅಗ್ಗವಲ್ಲ, ಆಗಬಾರದು ಕೂಡ.

ಸ್ವಾಧೀನಕ್ಕೆ ತೆಗೆದುಕೊಂಡ ಭೂಮಿಯನ್ನು ಐದು ವರ್ಷ ಬಳಸದೇ ಬಿಟ್ಟರೆ ಅದು ಮೂಲ ಮಾಲೀಕರಿಗೆ ಅಥವಾ ಭೂ ಬ್ಯಾಂಕಿಗೆ ಹೋಗಬೇಕು ಎನ್ನುತ್ತದೆ 101ನೇ ಕಲಮು. ಬೋರ್ಡು ನೆಟ್ಟು ಜಾಲಿ ಬೆಳೆಸುವವರು ಇದನ್ನು ಓದಿಕೊಳ್ಳಲಿ.

ದುಡ್ಡು ಕಲ್ಯಾಣ ಕರ್ನಾಟಕ ಮಂಡಳಿದು. ಹಂಗಾದ್ರ ಮಾಲೀಕರು ಮಂಡಳಿಯವರೇ?

ಅಲ್ಲ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಮಂಡಳಿಯಿಂದ ಹಣ ಬರುತ್ತದೆ, ರಾಷ್ಟ್ರೀಯ ಆರೋಗ್ಯ ಅಭಿಯಾನದಿಂದಲೂ ಬರುತ್ತದೆ. ಹಣ ಕೊಟ್ಟ ಮಾತ್ರಕ್ಕೆ ನೆಲದ ಹಕ್ಕು ಬರುವುದಿಲ್ಲ. ನೋಡಬೇಕಾದದ್ದು, ಜಾಗ ಆರೋಗ್ಯ ಇಲಾಖೆಯ ಹೆಸರಿನಲ್ಲಿದೆಯೋ, ಜಿಮ್ಸ್, ಬ್ರಿಮ್ಸ್, ಯಿಮ್ಸ್‌ನಂಥ ವೈದ್ಯಕೀಯ ಕಾಲೇಜಿನ ಹೆಸರಿನಲ್ಲಿದೆಯೋ ಎಂದು. ಎರಡೂ ಸರ್ಕಾರವೇ, ಆದರೆ ಎರಡು ಇಲಾಖೆ. ರಾತ್ರಿ ಪಾಳಿಗೆ ನರ್ಸು ಯಾರು ಹಾಕಬೇಕು, ಸೋರುವ ಮಾಳಿಗೆ ಯಾರು ರಿಪೇರಿ ಮಾಡಬೇಕು ಎಂದು ಪತ್ರ ಬರೆದುಕೊಂಡೇ ವರ್ಷ ಕಳೆಯಬಹುದು.

ಪುಕ್ಕಟೆ ಸಿಕ್ಕ ಜಾಗ ಊರಿಂದ ದೂರ ಅದ. ನಡೀತದಲ್ಲ?

ಹಗಲಿಗೆ ನಡೆಯುತ್ತದೆ. ಹೆರಿಗೆ ನೋವು ಹಗಲು ನೋಡಿಕೊಂಡು ಬರುವುದಿಲ್ಲ.

ಹುಣಸಗಿ ಸೀಮೆಯ ಒಂದು ತಾಂಡಾದಿಂದ ಯಾದಗಿರಿಗೆ ಹೊರಟ ಮನೆಯವರನ್ನು ಕಣ್ಣಮುಂದೆ ತಂದುಕೊಳ್ಳಿ. ಗಂಡ ಪುಣೆಯಲ್ಲೋ ಬೆಂಗಳೂರಿನಲ್ಲೋ ಕಟ್ಟಡದ ಕೆಲಸಕ್ಕೆ ಹೋಗಿರುತ್ತಾನೆ. ಬಸುರಿ, ಅವಳ ತಾಯಿ, ಆಶಾ ಕಾರ್ಯಕರ್ತೆ, ಇಷ್ಟೇ ಜನ. 108 ಬಂದು ಆಸ್ಪತ್ರೆ ಬಾಗಿಲಿಗೆ ಬಿಟ್ಟಿತು ಅನ್ನಿ. ಆ ತಾಯಿಗೆ ರಾತ್ರಿ ಒಂದು ಲೋಟ ಬಿಸಿನೀರು, ಬೆಳಿಗ್ಗೆ ಒಂದು ರೊಟ್ಟಿ, ವಾಪಸ್ ಊರಿಗೆ ಬಸ್ಸು ಎಲ್ಲಿ? ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ 2011ರಿಂದ ಬಾಣಂತಿಗೆ ಪುಕ್ಕಟೆ ಊಟ ಇದೆ, ಸಹಜ ಹೆರಿಗೆಗೆ ಮೂರು ದಿನ, ಸಿಸೇರಿಯನ್‌ಗೆ ಏಳು ದಿನ. ಜೊತೆಗೆ ಬಂದವರಿಗಿಲ್ಲ. ಬಸ್ ನಿಲ್ದಾಣದಿಂದ ಆರು ಕಿಲೋಮೀಟರ್ ಆಚೆ, ಅಂಗಡಿ ಇಲ್ಲದ ಬಯಲಿನಲ್ಲಿ ಕಟ್ಟಿದ ಆಸ್ಪತ್ರೆ ಉದ್ಘಾಟನೆಯ ಫೋಟೋದಲ್ಲಿ ಚೆಂದ.

ಇನ್ನೊಂದು ಮಾತು ಎರಿ ಭೂಮಿಯದು. ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿಬಿಡುವ ಆ ಮಣ್ಣಿನ ಮೇಲೆ ಅಡಿಪಾಯಕ್ಕೆ ಹೆಚ್ಚು ಖರ್ಚಾಗುತ್ತದೆ. ಅಲ್ಲಿ ದುಡ್ಡು ಉಳಿಸಿದರೆ ಗೋಡೆ ಸೀಳುತ್ತದೆ. ಹಳ್ಳದ ದಂಡೆಯ ತಗ್ಗು ಜಾಗವಾದರಂತೂ 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದ್ದನ್ನು ಒಮ್ಮೆ ನೆನಪಿಸಿಕೊಳ್ಳಿ. ಪುಕ್ಕಟೆ ನೆಲವನ್ನು ತುಂಬಿಸಿ ಎತ್ತರಿಸುವ ದುಡ್ಡಿನಲ್ಲಿ ಕೆಲವೊಮ್ಮೆ ಬಸ್ ನಿಲ್ದಾಣದ ಹತ್ತಿರವೇ ಖರೀದಿಸಬಹುದಿತ್ತು.

ಇದನ್ನೆಲ್ಲ ನಾ ಒಬ್ಬವ ಹ್ಯಾಂಗ ನೋಡ್ಲಿ?

ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದು ಆ ಜಾಗದಲ್ಲಿ ನಿಂತರೆ ಸರ್ವೆ ನಂಬರು ಸಿಗುತ್ತದೆ. ಆ ನಂಬರಿನ ಪಹಣಿಯನ್ನು ಕಂದಾಯ ಇಲಾಖೆಯ ಭೂಮಿ ತಾಣದಲ್ಲಿ ನೋಡಿ: 9ನೇ ಕಾಲಮಿನಲ್ಲಿ ಸ್ವಾಧೀನದಾರರ ಹೆಸರು, 11ರಲ್ಲಿ ಹಕ್ಕು ಮತ್ತು ಋಣ. ಬ್ಯಾಂಕಿನ ಸಾಲ, ಕೋರ್ಟಿನ ತಡೆ ಇದ್ದರೆ ಸಾಮಾನ್ಯವಾಗಿ ಅಲ್ಲೇ ಕಾಣುತ್ತದೆ. ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಋಣಭಾರ ಪ್ರಮಾಣಪತ್ರ ತೆಗೆಸಿ. ಪಹಣಿ ಎಂದರೆ ಮಾಲೀಕತ್ವದ ಪೂರ್ತಿ ಪುರಾವೆಯಲ್ಲ. ಬೇರೆ ಸಾಕ್ಷ್ಯ ಬರುವವರೆಗೆ ಅದನ್ನು ನಿಜವೆಂದು ಹಿಡಿಯುತ್ತಾರೆ, ಅಷ್ಟೆ. ಅದಕ್ಕೇ ಮ್ಯುಟೇಶನ್ (ಪಹಣಿಯಲ್ಲಿ ಹೆಸರು ಬದಲಾವಣೆ) ಆದೇಶದ ಪ್ರತಿ, ದಾನಪತ್ರ ಅಥವಾ ಮಂಜೂರಾತಿ ಆದೇಶದ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಕೇಳಿ. ಅರ್ಜಿ ಶುಲ್ಕ 10 ರೂಪಾಯಿ. 'ಕಡತ ಲಭ್ಯವಿಲ್ಲ' ಎಂಬ ಉತ್ತರ ಬಂದರೆ ಅದೂ ಒಂದು ಉತ್ತರವೇ, ಜೋಪಾನವಾಗಿಡಿ.

ನಮ್ಮೂರ ದವಾಖಾನಿ ಕಟ್ಟಿ ಭಾಳ ವರ್ಷ ಆಯ್ತು. ಪಹಣಿಯಾಗ ಇನ್ನೂ ದಾನಿ ಹೆಸರೇ ಅದ. ಈಗೇನು?

ದಾನಿ ಬದುಕಿದ್ದಾರೆಯೇ? ಹಾಗಿದ್ದರೆ ಇಂದೇ ಹೊರಡಿ. ಇಲಾಖೆಯ ಪರವಾಗಿ ಸ್ವೀಕರಿಸುವ ಅಧಿಕಾರಿ ಯಾರೆಂದು ಮೊದಲೇ ಲಿಖಿತವಾಗಿ ಗೊತ್ತುಮಾಡಿಕೊಂಡು, ದಾನಪತ್ರ ನೋಂದಣಿ ಮಾಡಿಸಿ, ಮ್ಯುಟೇಶನ್ ಆಗುವವರೆಗೆ ಬಿಡಬೇಡಿ. ತೀರಿಕೊಂಡಿದ್ದರೆ ಗಂಡು ಹೆಣ್ಣು ಎನ್ನದೆ ಎಲ್ಲ ವಾರಸುದಾರರೂ ಒಪ್ಪಿ ಬರೆದುಕೊಡಬೇಕು. ಒಪ್ಪದಿದ್ದರೆ ಸರ್ಕಾರ ಬೆಲೆ ಕೊಟ್ಟು ಖರೀದಿಸಬೇಕು ಇಲ್ಲವೇ ಸ್ವಾಧೀನಕ್ಕೆ ಹೋಗಬೇಕು.

ನನಗೆ ಗೊತ್ತಿರುವ ಒಂದು ಊರಿನಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಮಗನ ಬೈಕಿನ ಹಿಂದೆ ಕುಳಿತು ತಾಲ್ಲೂಕಿಗೆ ಬಂದು ಹೆಬ್ಬೆಟ್ಟು ಒತ್ತಿದರು. ಗಂಡ ಕೊಟ್ಟ ಮಾತು ನಲವತ್ತು ವರ್ಷ ಕಾಗದವಿಲ್ಲದೆ ನಿಂತಿತ್ತು. ಬೆರಳಿನ ಗೆರೆ ಸವೆದು ಯಂತ್ರ ಎರಡು ಸಲ ತೆಗೆದುಕೊಳ್ಳಲಿಲ್ಲ, ಮೂರನೇ ಸಲಕ್ಕೆ ತೆಗೆದುಕೊಂಡಿತು.